ಎ.ಸಿ. ಕಂಟ್ರಾಕ್ಟರ್ ಆಗೋಕೆ ಯಾವ ಲೈಸೆನ್ಸ್?

ತಿಪಟೂರು ಕಡೆಯಿಂದ ಬಂದು ಬೆಂಗಳೂರಲ್ಲಿ ಎ.ಸಿ. ಕೆಲಸ ಹಿಡಿದು ಹತ್ತೊಂಬತ್ತು ವರ್ಷ ಆಯ್ತು. ನನ್ನ ಹತ್ತಿರ ಕಲಿತ ಹುಡುಗರು ಸ್ವಂತ ಶುರು ಮಾಡೋವಾಗ ಕೇಳೋದು ಒಂದೇ: "ಅಣ್ಣ, ಎ.ಸಿ. ಲೈಸೆನ್ಸ್ ಎಲ್ಲಿ ಮಾಡಿಸ್ಬೇಕು?" ಅಂಥದ್ದು ಇಲ್ಲ ಕಣಪ್ಪ. ಎ.ಸಿ.ಗೆ ಅಂತಲೇ ಬೇರೆ ಲೈಸೆನ್ಸ್ ಕರ್ನಾಟಕದಲ್ಲಿ ಕೊಡೋದಿಲ್ಲ. ಹಾಗಂತ ಬರೀ ಗ್ಯಾಸ್ ಪ್ರೆಷರ್ ನೋಡೋ ಗೇಜ್ ಹಿಡ್ಕೊಂಡು ಹೊರಟರೆ ಮನೆ ಸರ್ವಿಸ್ ದಾಟಿ ಮುಂದಕ್ಕೆ ಹೋಗೋಕಾಗಲ್ಲ.

ಮೊದಲು ವೈರಿಂಗ್. ಇರೋ ಪಾಯಿಂಟಿಗೆ ಎ.ಸಿ. ಕನೆಕ್ಟ್ ಮಾಡೋದು ಬೇರೆ, ಡಿ.ಬಿ.ಯಿಂದ, ಅಂದ್ರೆ ಎಲ್ಲಾ ಲೈನ್‌ಗೂ ಕರೆಂಟ್ ಹಂಚೋ ಎಂ.ಸಿ.ಬಿ. ಬಾಕ್ಸ್‌ನಿಂದ, ಹೊಸ ಲೈನ್ ಎಳೆಯೋದು ಬೇರೆ. ಹೊಸ ಲೈನ್ ಆದರೆ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಂಟ್ರಾಕ್ಟರೇ ಮಾಡಿಸ್ಬೇಕು, ಕೈ ಹಾಕೋ ವೈರ್‌ಮನ್‌ಗೂ ಪರ್ಮಿಟ್ ಬೇಕು. ನನಗೆ ಇದು ಗೊತ್ತಾಗಿದ್ದು ಒಂದು ಕ್ಲಿನಿಕ್‌ನಲ್ಲಿ. ನಾಲ್ಕು ಎ.ಸಿ.ಗೆ ನಾನೇ ಲೈನ್ ಎಳೆದಿದ್ದೆ. ಬಿಲ್ ಕೊಟ್ಟಾಗ ಕಂಪ್ಲೀಷನ್ ರಿಪೋರ್ಟ್, ಅಂದ್ರೆ ವೈರಿಂಗ್ ಸರಿಯಾಗಿ ಮುಗಿದಿದೆ ಅಂತ ಲೈಸೆನ್ಸ್ ಇರೋರು ಸಹಿ ಹಾಕೋ ಕಾಗದ, ಕೇಳಿದರು. ಸಹಿ ಹಾಕೋಕೆ ನಾನ್ಯಾರು? ಲೈಸೆನ್ಸ್ ಇರೋರೊಬ್ಬರನ್ನು ಕರೆತಂದೆ. ಅರ್ಥಿಂಗ್ ನೋಡಿ ಚೆನ್ನಾಗಿ ಬೈದು ಅರ್ಧ ಕೆಲಸ ಬಿಚ್ಚಿಸಿದರು. ಆ ಕೆಲಸದಲ್ಲಿ ಒಂದು ರೂಪಾಯಿ ಉಳೀಲಿಲ್ಲ. ಈಗ ನನ್ನ ವೈರಿಂಗ್ ಎಲ್ಲಾ ಅವರದ್ದೇ.

ಕೊಟೇಷನ್‌ಗೆ ಮುಂಚೆ ಬೆಸ್ಕಾಂ ಬಿಲ್ ಕೇಳಿ, ಮಂಜೂರಾದ ಲೋಡ್ ನೋಡಿ. ಒಂದೂವರೆ ಟನ್‌ನದ್ದು ಸುಮಾರು 1.5 ಕಿಲೋವ್ಯಾಟ್ ಎಳೆಯುತ್ತೆ. 3 ಕಿಲೋವ್ಯಾಟ್ ಮನೆಗೆ ಎರಡು ಹಾಕಿದರೆ ಗೀಸರ್‌ಗೆ ಏನುಳೀತು? ಲೋಡ್ ಜಾಸ್ತಿ ಮಾಡಿಸೋ ಅರ್ಜಿ ಮನೆಯವರ ಹೆಸರಲ್ಲೇ ಹೋಗಲಿ.

ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡೋ ಉದ್ಯಮ್ ನೋಂದಣಿ ಪೂರ್ತಿ ಉಚಿತ. ಆಧಾರ್, ಪ್ಯಾನ್ ಇಟ್ಕೊಂಡು ನೀವೇ ಮಾಡ್ಕೊಳ್ಳಿ, ಏಜೆಂಟಿಗೆ ದುಡ್ಡು ಸುರಿಯಬೇಡಿ. ಅಂಗಡಿ ತೆರೆದರೆ 30 ದಿನದೊಳಗೆ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ, ಪಾಲಿಕೆಯಲ್ಲಿ ಟ್ರೇಡ್ ಲೈಸೆನ್ಸ್. ಜಿ.ಎಸ್.ಟಿ.: ಮಾಲು, ಕೂಲಿ ಎರಡೂ ಸೇರಿ ವರ್ಷಕ್ಕೆ 20 ಲಕ್ಷ ವಹಿವಾಟು ದಾಟಿದರೆ ಕಡ್ಡಾಯ. 40 ಸಾವಿರದ ಎ.ಸಿ. ಐವತ್ತು ಮಾರಿದರೆ ಅಲ್ಲಿಗೇ ಮುಟ್ಟಿತು. 2025ರ ಸೆಪ್ಟೆಂಬರ್ 22ರಿಂದ ಎ.ಸಿ. ಮೇಲಿನ ತೆರಿಗೆ 28ರಿಂದ 18%ಗೆ ಇಳಿದಿದೆ, ಹಳೇ ಕೊಟೇಷನ್ ಕಾಪಿ ಹೊಡೆದು ಕಳಿಸಬೇಡಿ.

ಕೆಲಸದ ಹುಡುಗರು ಹತ್ತು ಜನ ಆದರೆ ಚಿಕಿತ್ಸೆಗೆ ಆಗೋ ಇ.ಎಸ್.ಐ. ವಿಮೆ, ಇಪ್ಪತ್ತಾದರೆ ಪಿ.ಎಫ್. ಕಡ್ಡಾಯ. ನಾಲ್ಕೇ ಜನ ಇದ್ದರೂ ಅಪಘಾತ ವಿಮೆ ಮಾಡಿಸಿ. ಮೂರನೇ ಮಹಡಿ ಗೋಡೆಗೆ ಔಟ್‌ಡೋರ್ ಕೂರಿಸೋ ಹುಡುಗನ ಸೊಂಟದಲ್ಲಿ ಬೆಲ್ಟ್ ಇಲ್ಲ ಅಂದ್ರೆ ನಾನು ಕೆಲಸ ನಿಲ್ಲಿಸ್ತೀನಿ. ಮನೆಯವರು ಗೊಣಗ್ಲಿ ಬಿಡಿ.

ಗ್ಯಾಸ್ ವಿಷಯದಲ್ಲಿ ಐ.ಟಿ.ಐ. ಸರ್ಟಿಫಿಕೇಟ್ ಇರೋನನ್ನೇ ಮುಂದೆ ಬಿಡಿ. ಹಳೇ ಎ.ಸಿ.ಗಳ ಆರ್-22 ಗ್ಯಾಸ್ ಕಾಲದ ಮೇಸ್ತ್ರಿಗಳಿಗೆ ಕೈ ಅಭ್ಯಾಸ ಬೇರೆ, ಹೊಸ ಎ.ಸಿ.ಗಳಲ್ಲಿ ಬರೋ ಆರ್-32 ಬೆಂಕಿ ಹಿಡಿಯೋ ಗ್ಯಾಸ್. ಪ್ರೆಷರ್ ಟೆಸ್ಟಿಗೆ ನೈಟ್ರೋಜನ್, ತಪ್ಪಿ ಕೂಡ ಆಕ್ಸಿಜನ್ ಬೇಡ. ಬಿಚ್ಚಿದ ಹಳೇ ಎ.ಸಿ. ಗುಜರಿಯವನಿಗೆ ಹೋದರೆ ಅವನು ಪೈಪ್ ಕತ್ತರಿಸಿ ಗ್ಯಾಸ್ ಗಾಳಿಗೆ ಬಿಡ್ತಾನೆ, ತಾಮ್ರ ಮಾತ್ರ ಬೇಕು ಅವನಿಗೆ. ನೋಂದಾಯಿತ ಇ-ತ್ಯಾಜ್ಯದವರಿಗೇ ಕೊಟ್ಟು ರಸೀದಿ ಇಟ್ಕೊಳ್ಳಿ. ಹೋದ ತಿಂಗಳು ಒಂದು ಅಪಾರ್ಟ್‌ಮೆಂಟ್ ಸೆಕ್ರೆಟರಿ ಮೊದಲು ಕೇಳಿದ್ದೇ ಆ ರಸೀದಿ, ರೇಟ್ ಆಮೇಲೆ ಕೇಳಿದರು.