ಬನಾನಾ ಬ್ರೆಡ್‌ಗೆ ಹಣ್ಣು ಎಣಿಸಬೇಡಿ, ತೂಗಿ

ಬನಾನಾ ಬ್ರೆಡ್ಡಿನ ರೆಸಿಪಿಗಳಲ್ಲಿ ‘ಮೂರು ಬಾಳೆಹಣ್ಣು’ ಎಂದಷ್ಟೇ ಇರುತ್ತದೆ. ಅದು ಅಮೆರಿಕದ ಲೆಕ್ಕ. ಅಲ್ಲಿನ ಅಂಗಡಿಗಳಲ್ಲಿ ಸಿಗುವುದು ಹೆಚ್ಚುಕಮ್ಮಿ ಕ್ಯಾವೆಂಡಿಶ್ ಎಂಬ ಒಂದೇ ತಳಿ. ನಮ್ಮಲ್ಲಿ ಮೂರು ಪಚ್ಚಬಾಳೆ ಸುಲಿದರೆ 300 ಗ್ರಾಂ ಆಗುತ್ತದೆ, ಮೂರು ಏಲಕ್ಕಿ ಬಾಳೆ ಸುಲಿದರೆ ಅದರ ಅರ್ಧವೂ ಬರುವುದಿಲ್ಲ. ಹಾಗಾಗಿ ನಾನು ಸುಲಿದ ಹಣ್ಣನ್ನೇ ತೂಗುತ್ತೇನೆ: 200 ಗ್ರಾಂ ಮೈದಾಕ್ಕೆ 300 ಗ್ರಾಂ ತಿರುಳು. 350 ದಾಟಿತೋ, ಎಷ್ಟು ಬೇಯಿಸಿದರೂ ತಳದಲ್ಲಿ ಹಲ್ವದಂಥ ಅಂಟು ಪಟ್ಟಿ ಉಳಿದೇ ಉಳಿಯುತ್ತದೆ. ತೀರಾ ಕಡಿಮೆಯಾದರೆ ಅದು ಸಾದಾ ಕೇಕ್, ಬಾಳೆಯ ಘಮ ಹೆಸರಿಗಷ್ಟೇ.

ನನ್ನ ಆಯ್ಕೆ ಪಚ್ಚಬಾಳೆ. ಏಲಕ್ಕಿಯಲ್ಲೂ ಚೆನ್ನಾಗಿ ಬರುತ್ತದೆ, ಆದರೆ ಅದರ ತಿರುಳು ಗಟ್ಟಿ, ಎರಡು ಚಮಚ ಹಾಲು ಸೇರಿಸಬೇಕು. ನೇಂದ್ರ ಪೂರ್ತಿ ಕಪ್ಪಾಗದೆ ಮುಟ್ಟಬೇಡಿ. ನಂಜನಗೂಡು ರಸಬಾಳೆಯನ್ನು ಓವನ್ನಿಗೆ ಹಾಕುವುದು ದಂಡ. ಅದನ್ನು ಹಾಗೇ ತಿನ್ನಿ.

ಹಣ್ಣು ಎಷ್ಟು ಮಾಗಿರಬೇಕು? ಸಿಪ್ಪೆಯ ಅರ್ಧಕ್ಕಿಂತ ಹೆಚ್ಚು ಕಪ್ಪಾಗಿರಬೇಕು, ಹೆಬ್ಬೆರಳು ಒತ್ತಿದರೆ ಒಳಗಿಳಿಯಬೇಕು. ಕಾಯಿಯಲ್ಲಿರುವ ಪಿಷ್ಟ ಮಾಗುತ್ತಾ ಹೋದಂತೆ ಸಕ್ಕರೆಯಾಗುತ್ತದೆ. ಮೈ ಹಳದಿಯಿದ್ದು ತೊಟ್ಟು ಇನ್ನೂ ಹಸಿರಿದ್ದರೆ ಈ ಕೆಲಸ ಮುಗಿದಿಲ್ಲ ಎಂದೇ ಅರ್ಥ. ಅಂಥ ಹಣ್ಣನ್ನು ಸಿಪ್ಪೆ ಸಮೇತ ಓವನ್ನಿನಲ್ಲಿಟ್ಟು ಕಪ್ಪು ಮಾಡುವ ಉಪಾಯವೊಂದಿದೆ. ಹಣ್ಣು ಮೆತ್ತಗಾಗುತ್ತದೆ ನಿಜ, ಆದರೆ ದಿನಗಟ್ಟಲೆ ಮಾಗಿ ಬರುವ ಸಿಹಿ ಬರುವುದಿಲ್ಲ. ಅದಕ್ಕಿಂತ ಮಿಕ್ಕಿದ ಹಣ್ಣು ಕಪ್ಪಾದಾಗಲೆಲ್ಲ ಸುಲಿದು ಫ್ರೀಜರಿಗೆ ಹಾಕಿಡಿ. ಕರಗಿದಾಗ ಕಂದು ನೀರು ಬಿಡುತ್ತದೆ. ಅದನ್ನು ಚೆಲ್ಲಬೇಡಿ, ಸಣ್ಣ ಉರಿಯಲ್ಲಿ ಅರ್ಧಕ್ಕೆ ಇಳಿಸಿ ತಿರುಳಿಗೇ ಸೇರಿಸಿ. ರುಚಿಯೆಲ್ಲ ಅದರಲ್ಲೇ ಇರುತ್ತದೆ.

ಉಳಿದ ಅಳತೆ: ಬೆಲ್ಲದ ಪುಡಿ 60 ಗ್ರಾಂ, ಸಕ್ಕರೆ 60 ಗ್ರಾಂ, ವಾಸನೆಯಿಲ್ಲದ ಎಣ್ಣೆ 80 ಮಿಲಿ, ಮೊಟ್ಟೆ 2, ಅಡುಗೆ ಸೋಡಾ ಮುಕ್ಕಾಲು ಟೀ ಚಮಚ, ಉಪ್ಪು ಅರ್ಧ ಟೀ ಚಮಚ, ಬೇಕಿದ್ದರೆ ಚಕ್ಕೆ ಪುಡಿ. ಮೊಟ್ಟೆ ಬೇಡದವರು 100 ಗ್ರಾಂ ಗಟ್ಟಿ ಮೊಸರು ಹಾಕಿ, ಹತ್ತು ನಿಮಿಷ ಹೆಚ್ಚು ಬೇಯಿಸಿ. ಬೆಣ್ಣೆಯ ಪರಿಮಳ ಬೇಕೆಂದರೆ ಎಣ್ಣೆಯ ಅರ್ಧ ಭಾಗಕ್ಕೆ ಕರಗಿಸಿದ ಬೆಣ್ಣೆ ಹಾಕಬಹುದು. ಪೂರ್ತಿ ಬೆಣ್ಣೆಯಾದರೆ ಫ್ರಿಜ್ಜಿನಲ್ಲಿಟ್ಟಾಗ ಗಟ್ಟಿಯಾಗುತ್ತದೆ.

ಹಣ್ಣನ್ನು ಫೋರ್ಕಿನಲ್ಲಿ ಕಿವುಚಿ, ಅಲ್ಲಲ್ಲಿ ಗಂಟು ಉಳಿಯಲಿ. ಮಿಕ್ಸಿಗೆ ಹಾಕಿದರೆ ನುಣ್ಣಗೆ ಲೋಳೆಯಾಗಿ ಬ್ರೆಡ್ಡು ಒತ್ತಾಗುತ್ತದೆ. ಬೆಲ್ಲ, ಸಕ್ಕರೆ, ಎಣ್ಣೆ, ಮೊಟ್ಟೆಗಳನ್ನು ಚೆನ್ನಾಗಿ ಕಡೆದು ಹಣ್ಣು ಸೇರಿಸಿ. ಇಲ್ಲಿಯವರೆಗೆ ಎಷ್ಟು ಕಲಸಿದರೂ ತೊಂದರೆಯಿಲ್ಲ. ಮೈದಾ, ಸೋಡಾ, ಉಪ್ಪು ಜರಡಿ ಹಿಡಿದು ಹಾಕಿದ ಮೇಲೆ ಮಾತ್ರ ಕೈ ಬಿಗಿಹಿಡಿಯಬೇಕು: ತಳದಿಂದ ಮೇಲಕ್ಕೆ ಹತ್ತು ಹದಿನೈದು ಸಲ ಮಗುಚಿ, ಒಣ ಹಿಟ್ಟು ಕಾಣದಾದ ಕೂಡಲೇ ನಿಲ್ಲಿಸಿ. ಹೆಚ್ಚು ಕಲಸಿದರೆ ಗ್ಲೂಟೆನ್ (ಮೈದಾಕ್ಕೆ ಅಂಟು ಕೊಡುವ ಪ್ರೋಟೀನ್) ಬಲಿತು ಬ್ರೆಡ್ಡು ರಬ್ಬರಿನ ಹಾಗಾಗುತ್ತದೆ, ಕತ್ತರಿಸಿದಾಗ ಉದ್ದುದ್ದ ಸುರಂಗ ಕಾಣುತ್ತವೆ. ಜರಡಿ ತಪ್ಪಿಸಿದರೆ ಸೋಡಾದ ಗಂಟು ಸಿಕ್ಕ ಕಡೆ ಕಂದು ಚುಕ್ಕೆ, ಬಾಯಿಗೆ ಸಾಬೂನಿನ ರುಚಿ.

ಅಕ್ರೋಟ ಹಾಕಿ, ಒಣದ್ರಾಕ್ಷಿ ಹಾಕಿ. ಸೂರ್ಯಕಾಂತಿ ಬೀಜ ಹಾಕಿದರೆ ಮಾರನೆಯ ದಿನ ಹಸಿರು ಚುಕ್ಕೆ ಕಂಡು ಬೂಸ್ಟು ಎಂದುಕೊಂಡು ಎಸೆಯಬೇಡಿ. ಬೀಜದ ಕ್ಲೋರೋಜೆನಿಕ್ ಆಮ್ಲ ಸೋಡಾದೊಂದಿಗೆ ಸೇರಿ ಆ ಬಣ್ಣ ಕೊಡುತ್ತದೆ, ತಿನ್ನಲು ಅಡ್ಡಿಯಿಲ್ಲ.

ಹಣ್ಣು, ಬೆಲ್ಲ, ಮೊಸರುಗಳ ಹುಳಿಗೆ ತಾಗಿದೊಡನೆ ಸೋಡಾ ಗ್ಯಾಸ್ ಬಿಡಲು ಶುರುಮಾಡುತ್ತದೆ. ಆದ್ದರಿಂದ ಕಲಸುವ ಮೊದಲೇ ಓವನ್ ಕಾದಿರಬೇಕು, ಬಟರ್ ಪೇಪರ್ ಹಾಸಿದ ಟಿನ್ ಪಕ್ಕದಲ್ಲಿರಬೇಕು. 8×4 ಇಂಚಿನ ಟಿನ್ನಿನಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಮಿಕ್ಕಿದ್ದನ್ನು ಕಪ್ ಕೇಕ್ ಮಾಡಿ. ಒಟಿಜಿಯಾದರೆ (ಮನೆಬಳಕೆಯ ಚಿಕ್ಕ ಕರೆಂಟ್ ಓವನ್) ಮೇಲಿನ ಕೆಳಗಿನ ಎರಡೂ ರಾಡ್, 170 ಡಿಗ್ರಿ ಸೆಲ್ಸಿಯಸ್, ಕೆಳಗಿನಿಂದ ಎರಡನೇ ಹಂತ, 55ರಿಂದ 65 ನಿಮಿಷ. ಒಟಿಜಿಯ ಡಯಲ್ಲನ್ನು ಕಣ್ಣುಮುಚ್ಚಿ ನಂಬಬಾರದು. ಒಳಗಿಡುವ ಚಿಕ್ಕ ಓವನ್ ಥರ್ಮಾಮೀಟರ್ ಕೊಂಡರೆ ಅರ್ಧ ಗೋಳು ತಪ್ಪುತ್ತದೆ. ನಲವತ್ತು ನಿಮಿಷಕ್ಕೇ ಮೇಲ್ಭಾಗ ಕೆಂಪೇರಿದರೆ ಫಾಯಿಲ್ ಮುಚ್ಚಿ.

ಮೇಲೆ ಬಿರುಕು ಬಿಡುವುದು ತಪ್ಪಲ್ಲ. ಮೇಲಿನ ಪದರ ಗಟ್ಟಿಯಾದ ಮೇಲೂ ಒಳಗಿನದು ಉಬ್ಬುತ್ತಿರುತ್ತದೆ, ಅಷ್ಟೇ. ನೇರವಾಗಿ ಬಿರಿಯಬೇಕೆಂದರೆ ಎಣ್ಣೆಯಲ್ಲಿ ಅದ್ದಿದ ಚಾಕುವಿನಿಂದ ಹಸಿ ಹಿಟ್ಟಿನ ಮೇಲೆ ಉದ್ದಕ್ಕೆ ಗೆರೆ ಎಳೆಯಿರಿ. ಬೆಂದಿದೆಯೇ ಎಂದು ನೋಡಲು ಆ ಬಿರುಕಿನೊಳಗೇ ಟೂತ್‌ಪಿಕ್ ಚುಚ್ಚಬೇಕು, ಅದೂ ಎರಡು ಕಡೆ, ಏಕೆಂದರೆ ಬಾಳೆಯ ಗಂಟಿಗೆ ತಾಗಿದರೆ ಬೆಂದಿದ್ದರೂ ಅಂಟುತ್ತದೆ. ಥರ್ಮಾಮೀಟರ್ ಇದ್ದವರಿಗೆ ನಡುವಿನಲ್ಲಿ 95 ಡಿಗ್ರಿ ಸಾಕು. ಓವನ್ನಿನಲ್ಲಿ ಉಬ್ಬಿ ಹೊರಗೆ ಬಂದ ಮೇಲೆ ನಡು ಕುಸಿದರೆ ಸಾಮಾನ್ಯವಾಗಿ ಬೆಂದಿಲ್ಲ, ಇಲ್ಲವೇ ಸೋಡಾ ಹೆಚ್ಚಾಗಿದೆ. ಮೊದಲ ಅರ್ಧ ಗಂಟೆಯಲ್ಲಿ ಬಾಗಿಲು ತೆರೆದರೂ ಹೀಗೇ ಆಗುತ್ತದೆ.

ಓವನ್ ಇಲ್ಲದವರು ಗ್ಯಾಸ್ಕೆಟ್, ವೆಯ್ಟ್ ಎರಡೂ ತೆಗೆದ ಕುಕ್ಕರಿನಲ್ಲಿ ಒಂದಿಂಚು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಮಧ್ಯಮ ಉರಿಯಲ್ಲಿ ಕಾಯಿಸಿ. ಕುಕ್ಕರಿಗೆ ಹಿಡಿಯುವ ದುಂಡು ಟಿನ್ ಇಟ್ಟು ಉರಿ ತೀರಾ ಸಣ್ಣದು ಮಾಡಿ, 50 ನಿಮಿಷದ ಮೇಲೆ ಚುಚ್ಚಿ ನೋಡಿ. ಬೇಯುವುದು ಚೆನ್ನಾಗಿಯೇ, ಆದರೆ ಮೇಲ್ಭಾಗ ಕೆಂಪಾಗುವುದಿಲ್ಲ.

ಹದಿನೈದು ನಿಮಿಷ ಟಿನ್ನಿನಲ್ಲೇ ಬಿಟ್ಟು, ಆಮೇಲೆ ಜಾಲರಿಯ ಮೇಲೆ ಪೂರ್ತಿ ಆರಿಸಿ. ಬಿಸಿಯಲ್ಲಿ ಕೊಯ್ದರೆ ಚಾಕುವಿಗೆ ಮೆತ್ತುತ್ತದೆ. ರುಚಿ ಕೂಡಿಬರುವುದು ಮಾರನೆಯ ದಿನವೇ. ಹೊರಗೆ ಎರಡು ದಿನ ಇಡಬಹುದು, ಕರಾವಳಿಯ ಸೆಕೆಯಲ್ಲಿ ಒಂದೇ ದಿನ. ಆಮೇಲೆ ಹೋಳು ಮಾಡಿ ಫ್ರೀಜರಿಗೆ ಹಾಕಿ, ಬೇಕಾದಾಗ ತವಾದ ಮೇಲೆ ಎರಡೂ ಬದಿ ಬಿಸಿ ಮಾಡಿಕೊಳ್ಳಿ.