ಬಡತನ ನಿವಾರಣೆಯ ಜಾಗತಿಕ ಗುರಿ: ವಾರ್ಡ್ ಸಭೆಯ ನಡಾವಳಿಗೆ ತರುವುದು ಹೇಗೆ?

ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳು 2015ರ ಸೆಪ್ಟೆಂಬರ್‌ನಲ್ಲಿ ಒಪ್ಪಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಮೊದಲನೆಯದು ಬಡತನ ನಿರ್ಮೂಲನೆ. ಆಯಾ ದೇಶದ ವ್ಯಾಖ್ಯೆಯಂತೆ ಬಡತನದಲ್ಲಿರುವವರ ಪ್ರಮಾಣವನ್ನು 2030ರೊಳಗೆ ಕನಿಷ್ಠ ಅರ್ಧಕ್ಕೆ ಇಳಿಸಬೇಕೆಂಬುದು ಅದರ ಒಂದು ಉಪಗುರಿ. ಚಿತ್ರದುರ್ಗ ಜಿಲ್ಲೆಯ ಹಟ್ಟಿಯೊಂದಕ್ಕೆ ಈ ಗುರಿ ತಲುಪಬೇಕಾದರೆ ಅದು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯೊಳಗೆ ಬರಬೇಕು. ಯೋಜನೆಯೊಳಗೆ ಬರಬೇಕಾದರೆ ವಾರ್ಡಿನ ಜನರೇ ಅದನ್ನು ಬರೆಸಬೇಕು.

ಮೊದಲು, ಬಡ ಮನೆಗಳನ್ನು ಗುರುತಿಸಲು ಏನನ್ನು ಕೇಳಬೇಕೆಂದು ಗೊತ್ತುಮಾಡಿಕೊಳ್ಳಿ. ನೀತಿ ಆಯೋಗದ ಬಹುಆಯಾಮ ಬಡತನ ಸೂಚ್ಯಂಕವು ಆದಾಯವನ್ನು ಕೇಳುವುದಿಲ್ಲ. ಪೌಷ್ಟಿಕತೆ, ಮಕ್ಕಳ ಮರಣ, ತಾಯಿಯ ಆರೋಗ್ಯ, ಓದಿದ ವರ್ಷಗಳು, ಶಾಲಾ ಹಾಜರಾತಿ, ಅಡುಗೆ ಇಂಧನ, ಶೌಚಾಲಯ, ಕುಡಿಯುವ ನೀರು, ವಿದ್ಯುತ್, ಮನೆ, ಆಸ್ತಿ ಮತ್ತು ಬ್ಯಾಂಕ್ ಖಾತೆ ಎಂಬ 12 ಅಂಶಗಳಲ್ಲಿ ಕೊರತೆಯನ್ನು ನೋಡುತ್ತದೆ.

ಎರಡನೆಯದಾಗಿ, ಮನೆಮನೆಗೆ ಹೋಗಿ. ಇಲ್ಲಿ ಅವಸರ ಬೇಡ. ಮಳೆಗಾಲದಲ್ಲಿ ಕೇಳಿದರೆ ನೀರಿನ ಉತ್ತರ ಒಂದು, ಕೊಳವೆಬಾವಿಗಳು ಬತ್ತುವ ಬೇಸಿಗೆಯಲ್ಲಿ ಇನ್ನೊಂದು. ಆದ್ದರಿಂದ ಬೇಸಿಗೆಯಲ್ಲಿಯೇ ಕೇಳುವುದು ಸರಿ. ಸುರಕ್ಷಿತ ನೀರಿಗಾಗಿ ಹೋಗಿಬರಲು ಅರ್ಧ ಗಂಟೆ ನಡೆಯಬೇಕಾದ ಮನೆಯನ್ನು ಸೂಚ್ಯಂಕವು ಕೊರತೆಯ ಮನೆ ಎಂದೇ ಎಣಿಸುತ್ತದೆ. ನಮ್ಮ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಇರುವುದರಿಂದ, ನಲ್ಲಿ ಇದೆಯೇ ಎಂಬುದರ ಜೊತೆಗೆ ಆ ನೀರನ್ನು ಪರೀಕ್ಷಿಸಲಾಗಿದೆಯೇ ಎಂದೂ ಕೇಳಿ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಶೇಂಗಾ ಕೈಕೊಟ್ಟ ವರ್ಷ ಗುಳೆ ಹೋದವರ ಮನೆಗೆ ಬೀಗ ಬಿದ್ದಿರುತ್ತದೆ. ಪಟ್ಟಿಯಿಂದ ಮೊದಲು ಬಿಟ್ಟುಹೋಗುವವರು ಅವರೇ, ಶಾಲೆ ತಪ್ಪುವ ಮಕ್ಕಳೂ ಅವರದೇ. ನೆರೆಯವರಿಂದ ದೂರವಾಣಿ ಸಂಖ್ಯೆ ಪಡೆದು ಅವರನ್ನು ಮಾತನಾಡಿಸಲೇಬೇಕು.

ಮೂರನೆಯದು ಲೆಕ್ಕ. ಪೌಷ್ಟಿಕತೆ ಮತ್ತು ಶಿಕ್ಷಣದ ಎರಡು ಅಂಶಗಳಿಗೆ ತಲಾ ಆರನೇ ಒಂದು ಭಾಗ, ಮಕ್ಕಳ ಮರಣ ಮತ್ತು ತಾಯಿಯ ಆರೋಗ್ಯಕ್ಕೆ ತಲಾ ಹನ್ನೆರಡನೇ ಒಂದು ಭಾಗ, ಉಳಿದ ಏಳಕ್ಕೆ ತಲಾ ಇಪ್ಪತ್ತೊಂದನೇ ಒಂದು ಭಾಗ ತೂಕವಿದೆ. ಕೊರತೆಯಿರುವ ಅಂಶಗಳ ತೂಕ ಕೂಡಿದಾಗ ಮೂರನೇ ಒಂದು ಭಾಗ ಮುಟ್ಟಿದ ಕುಟುಂಬ ಬಡ ಕುಟುಂಬ. ಸೌದೆ ಒಲೆ, ಮಣ್ಣಿನ ಮನೆ, ಶೌಚಾಲಯವಿಲ್ಲದಿರುವುದು, ದೂರದ ನೀರು ಈ ನಾಲ್ಕು ಸೇರಿದರೂ ಲೆಕ್ಕ ಆ ಗೆರೆಯನ್ನು ಮುಟ್ಟುವುದಿಲ್ಲ. ಅಂಥ ಮನೆಗಳನ್ನು ಕೈಬಿಡುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ; ಅವಕ್ಕೆ ಬೇರೆ ಪಟ್ಟಿ ಮಾಡಿ.

ಬಳಿಕ ಪಟ್ಟಿಯನ್ನು ವಾರ್ಡ್ ಸಭೆಯಲ್ಲಿ ಮಂಡಿಸಿ. ಆರು ತಿಂಗಳಿಗೊಮ್ಮೆಯಾದರೂ ಈ ಸಭೆ ನಡೆಯಬೇಕೆಂಬುದು ರಾಜ್ಯದ ಪಂಚಾಯತ್ ರಾಜ್ ಕಾಯ್ದೆಯ ನಿಯಮ. ಸಮಸ್ಯೆಗಳನ್ನು ಬಾಯಿಮಾತಿನಲ್ಲಿ ಹೇಳಿ ಎದ್ದುಬರದೆ, ಯಾವ ಮನೆಗೆ ಯಾವ ಕೆಲಸ ಆಗಬೇಕೆಂಬುದನ್ನು ನಡಾವಳಿಯಲ್ಲಿ ದಾಖಲಿಸಿ, ಗ್ರಾಮ ಸಭೆಯಲ್ಲಿ ಅದನ್ನು ಓದಿಸಿ. ನಡಾವಳಿಯ ಪ್ರತಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ಕೇಳಿ ಪಡೆಯಿರಿ. ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು, 30 ದಿನಗಳೊಳಗೆ ಉತ್ತರ ಕೊಡಬೇಕು.