ತಮ್ಮನ ಬ್ಯಾಗು, ನನ್ನ ದೀಪಾವಳಿ ಉಡುಗೊರೆ

ನನ್ನ ತಮ್ಮ ತಿಂಗಳಲ್ಲಿ ಇಪ್ಪತ್ತು ದಿನ ಊರಲ್ಲಿರುವುದಿಲ್ಲ. ಪ್ಯಾಕಿಂಗ್ ಮಷೀನ್ ರಿಪೇರಿ ಮಾಡುವ ಸರ್ವಿಸ್ ಎಂಜಿನಿಯರ್ ಅವನು. ಇವತ್ತು ಸೂರತ್, ನಾಳಿದ್ದು ಕೊಯಮತ್ತೂರು, ಮುಂದಿನ ವಾರ ಲುಧಿಯಾನಾ. ಟ್ರೈನಿಂಗ್ ಅಂತ ಎರಡು ಸಲ ಜರ್ಮನಿಗೂ ಹೋಗಿ ಬಂದಿದ್ದಾನೆ. ಬೆಂಗಳೂರಿನ ಪೀಣ್ಯದ ಹತ್ತಿರ ಒಂದು ರೂಮಿದೆ. ಬಾಡಿಗೆ ತಪ್ಪದೆ ಕಟ್ಟುತ್ತಾನೆ, ಅಲ್ಲಿ ಇರುವುದು ಮಾತ್ರ ಕಡಿಮೆ. ದೀಪಾವಳಿಗೆ ಎಲ್ಲಿದ್ದರೂ ಧಾರವಾಡಕ್ಕೆ ನಮ್ಮ ಮನೆಗೆ ಬರುತ್ತಾನೆ. ಅಕ್ಕನ ತದಿಗೆಯ ದಿನ ಅವನಿಗೆ ಆರತಿ ಮಾಡುತ್ತೇನೆ. ಅವನು ತಟ್ಟೆಗೆ ದುಡ್ಡು ಹಾಕುತ್ತಾನೆ. ನಾನು ಏನಾದರೂ ಕೊಡುತ್ತೇನೆ.

ಆ ‘ಏನಾದರೂ’ ಏನಾಗಿರಬೇಕು ಅನ್ನುವುದೇ ನನಗೆ ಹಲವು ವರ್ಷ ತಲೆನೋವಾಗಿತ್ತು. ‘ದುಡ್ಡು ಕೊಟ್ಟುಬಿಡು’ ಅಂತ ನಮ್ಮವರು ಹೇಳುತ್ತಿದ್ದರು. ಅವನು ತಟ್ಟೆಗೆ ಹಾಕಿದ್ದನ್ನೇ ವಾಪಸ್ ಅವನ ಕೈಗಿಟ್ಟಂತೆ ಆಗುವುದಿಲ್ಲವೇ?

ಮೊದಲ ವರ್ಷ ದೊಡ್ಡ ತಪ್ಪು ಮಾಡಿದೆ. ತಿರುಗಾಡುವವನಿಗೆ ಬ್ಯಾಗಲ್ಲದೆ ಮತ್ತೇನು ಬೇಕು ಅಂದುಕೊಂಡು ಹುಬ್ಬಳ್ಳಿಗೆ ಹೋಗಿ 28 ಇಂಚಿನ ಗಟ್ಟಿ ಟ್ರಾಲಿ ತಂದೆ. ನೀಲಿ ಬಣ್ಣ, ನಾಲ್ಕು ಗಾಲಿ, ನಂಬರ್ ಲಾಕ್. ಅವನು ಒಂದು ಕೈಯಲ್ಲಿ ಎತ್ತಿ ನೋಡಿ ನಕ್ಕ. ‘ಅಕ್ಕಾ, ಖಾಲಿ ಇದ್ದಾಗನ ಇದು ನಾಲ್ಕೂವರಿ ಕಿಲೋ ಅದ’ ಅಂದ. ದೇಶದೊಳಗಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಚೆಕ್-ಇನ್‌ಗೆ 15 ಕಿಲೋ, ಕೈಯಲ್ಲಿ 7 ಕಿಲೋ ಬಿಡುತ್ತಾರೆ. ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ. ಹಾಗಾಗಿ ಅವನ ಸಾಮಾನೆಲ್ಲ ಚೆಕ್-ಇನ್‌ಗೇ ಹೋಗಬೇಕು. ಅವೇ ಎಂಟು ಕಿಲೋ. ಉಳಿದ ಏಳರಲ್ಲಿ ನನ್ನ ಟ್ರಾಲಿಯೇ ನಾಲ್ಕೂವರೆ ತಿಂದರೆ ಬಟ್ಟೆ ಎಲ್ಲಿಡಬೇಕು? ಆ ಟ್ರಾಲಿ ಈಗ ನಮ್ಮ ಅಟ್ಟದ ಮೇಲಿದೆ. ಅವ್ವ ಅದರಲ್ಲಿ ಕೌದಿ ತುಂಬಿಟ್ಟಿದ್ದಾಳೆ. ಕೌದಿಗೆ ಬಹಳ ಚೆನ್ನಾಗಿದೆ.

ಮರುವರ್ಷ ಕುತ್ತಿಗೆಗೆ ಹಾಕಿಕೊಳ್ಳುವ ದಿಂಬು. ಅವನ ರೈಲು ಪ್ರಯಾಣ ಹೆಚ್ಚಾಗಿ ಎಸಿ ಬೋಗಿಯಲ್ಲಿ. ಅಲ್ಲಿ ದಿಂಬು, ಚಾದರ, ಕಂಬಳಿ ಅವರೇ ಕೊಡುತ್ತಾರೆ. ಇದು ಸುಮ್ನೆ ಬ್ಯಾಗಿಗೆ ಜೋತುಬಿದ್ದು ಓಡಾಡಿತು. ನಾಲ್ಕು ತಿಂಗಳಿಗೆ ಯಾವುದೋ ಸ್ಟೇಷನ್ನಿನಲ್ಲಿ ಕಳೆದುಹೋಯಿತು. ಕಳೆದದ್ದು ಅವನಿಗೆ ಗೊತ್ತಾದದ್ದೇ ಎರಡು ದಿನ ಆದಮೇಲೆ ಅಂತೆ.

ಜರ್ಮನಿಗೆ ಹೊರಟಾಗ ಅವ್ವ ದಾಸವಾಳ ಹಾಕಿ ಕಾಯಿಸಿದ ಎಣ್ಣೆ ಕೊಟ್ಟಳು. 200 ಎಂಎಲ್ ಬಾಟಲಿ, ಅದರಲ್ಲಿ ಅರ್ಧ ಎಣ್ಣೆ. ಅದನ್ನು ಅವನು ಕೈಚೀಲದಲ್ಲಿಟ್ಟ. ಹೊರದೇಶದ ವಿಮಾನದಲ್ಲಿ ಕೈಚೀಲದ ದ್ರವಕ್ಕೆ 100 ಎಂಎಲ್ ಮಿತಿ ಅಂತ ಅವನಿಗೆ ಗೊತ್ತಿತ್ತು. ಅರ್ಧವೇ ಇದೆಯಲ್ಲ, ನಡೆಯುತ್ತದೆ ಅಂದುಕೊಂಡ. ನಡೆಯಲಿಲ್ಲ. ಅಲ್ಲಿ ಲೆಕ್ಕಕ್ಕೆ ಹಿಡಿಯುವುದು ಬಾಟಲಿಯ ಅಳತೆಯನ್ನು, ಒಳಗೆ ಉಳಿದ ಎಣ್ಣೆಯನ್ನಲ್ಲ. ಎಣ್ಣೆ ಕಸದ ಡಬ್ಬಿಗೆ ಹೋಯಿತು. ಅವ್ವನಿಗೆ ಇವತ್ತಿನವರೆಗೂ ಈ ವಿಷಯ ಹೇಳಿಲ್ಲ.

ಎಲ್ಲಕ್ಕಿಂತ ಪಜೀತಿ ಆದದ್ದು ಕೊಬ್ಬರಿಯಿಂದ. ಒಂದು ವರ್ಷ ಆರತಿ ಆದಮೇಲೆ ಹೊಸ ಅಂಗಿಯ ಜೊತೆ ಎರಡು ಒಣಕೊಬ್ಬರಿ ಬಟ್ಟಲು, ಉತ್ತತ್ತಿ ಇಟ್ಟು ಕೊಟ್ಟೆ. ಅವನು ಹಾಗೇ ಬ್ಯಾಗಿಗೆ ಹಾಕಿಕೊಂಡ. ಏರ್‌ಪೋರ್ಟಿನಲ್ಲಿ ಬ್ಯಾಗು ಕೊಟ್ಟು ಮುಂದೆ ಹೋದವನನ್ನು ಹೆಸರು ಹಿಡಿದು ವಾಪಸ್ ಕರೆದರು. ಬ್ಯಾಗು ಬಿಚ್ಚಿಸಿ ಕೊಬ್ಬರಿ ತೆಗೆಸಿದರು. ನನಗೆ ನಂಬಿಕೆಯೇ ಬರಲಿಲ್ಲ, ಕೊಬ್ಬರಿ ಏನು ಬಾಂಬೇ? ಆಮೇಲೆ ಓದಿ ತಿಳಿದುಕೊಂಡೆ. ಒಣಕೊಬ್ಬರಿಯಲ್ಲಿ ಶೇಕಡಾ 60ಕ್ಕೂ ಜಾಸ್ತಿ ಎಣ್ಣೆ ಇರುತ್ತದೆ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದಂತೆ. ಅದಕ್ಕೇ ವಿಮಾನಕ್ಕೆ ಅಪಾಯದ ಸರಕುಗಳ ಪಟ್ಟಿಯಲ್ಲಿ ಅದೂ ಇದೆ. ಈಗ ಆರತಿ ತಟ್ಟೆಯಲ್ಲಿ ಕೊಬ್ಬರಿ ಇಡುತ್ತೇನೆ, ಅವನ ಬ್ಯಾಗಿಗೆ ಮಾತ್ರ ಹಾಕುವುದಿಲ್ಲ. ಆ ಕೊಬ್ಬರಿ ನಮ್ಮ ಚಟ್ನಿಗೆ ಬೀಳುತ್ತದೆ.

ಇಷ್ಟೆಲ್ಲ ಆದಮೇಲೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಒಂದು ಭಾನುವಾರ ಅವನು ಬಂದಾಗ ಪಡಸಾಲೆಯಲ್ಲಿ ನವಲಗುಂದದ ಜಮಖಾನೆ ಹಾಸಿದೆ. ‘ನಿನ್ನ ಬ್ಯಾಗ್ ಇಲ್ಲಿ ಸುರುವು’ ಅಂದೆ. ‘ನೀ ಏನ್ ಪೊಲೀಸೇನ?’ ಅಂತ ಗೊಣಗಿದ. ಸುರುವಿದ. ಒಂದೊಂದನ್ನೇ ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟು ಬರೆದುಕೊಂಡೆ.

ಮೂರು ಚಾರ್ಜರು: ಲ್ಯಾಪ್‌ಟಾಪ್‌ಗೆ ಒಂದು, ಫೋನಿಗೆ ಒಂದು, ಕಂಪನಿ ಫೋನಿಗೆ ಒಂದು. ಮೂರೂ ಸೇರಿ ಅರ್ಧ ಕಿಲೋ ದಾಟಿತು. ಇಟ್ಟಿಗೆಯಂಥ ಒಂದು ಪವರ್ ಬ್ಯಾಂಕ್. ಎರಡು ಪದರದ ಸ್ಟೀಲ್ ಬಾಟಲಿ, ಖಾಲಿಯೇ 400 ಗ್ರಾಂ. ಅದೂ ನಾನೇ ಕೊಟ್ಟದ್ದು. ದಪ್ಪ ಟರ್ಕಿ ಟವೆಲ್, ಅದಿನ್ನೂ ಹಸಿಯಾಗಿತ್ತು. ಹೋಟೆಲಿನ ಸಣ್ಣ ಸಣ್ಣ ಸೋಪು ಹನ್ನೊಂದು. ಹಾವಿನಂತೆ ಸುತ್ತಿಕೊಂಡ ವೈರುಗಳು. ಹಾಳೆಯಿಂದ ಹೊರಬಿದ್ದ, ಹೆಸರು ಗೊತ್ತಿಲ್ಲದ ಗುಳಿಗೆಗಳು. ‘ಇದರಾಗ ಹೋದ ತಿಂಗಳು ಮುಟ್ಟದೇ ಇರೋದು ಯಾವುದು?’ ಅಂತ ಕೇಳಿದೆ. ಅವನು ಒಂದು ಗುಡ್ಡೆ ಬೇರೆ ಮಾಡಿದ. ಎರಡು ಕಿಲೋ ಮೇಲಿತ್ತು. ಅದರಲ್ಲಿ ಅರ್ಧಕ್ಕರ್ಧ ಯಾರೋ ಪ್ರೀತಿಯಿಂದ ಕೊಟ್ಟದ್ದು!

ಅವತ್ತಿಂದ ನನ್ನ ಲೆಕ್ಕವೇ ಬೇರೆಯಾಯಿತು. ಅವನಿಗೆ ಏನು ಕೊಡಲಿ ಅಂತ ಯೋಚಿಸುವುದನ್ನು ಬಿಟ್ಟೆ. ಅವನ ಬ್ಯಾಗಿಂದ ಏನನ್ನು ಹೊರಗೆ ತೆಗೆಯಲಿ ಅಂತ ಯೋಚಿಸತೊಡಗಿದೆ.

ಮೊದಲು ತೆಗೆದದ್ದು ಆ ಮೂರು ಚಾರ್ಜರು. ಅವುಗಳ ಬದಲು 65 ವಾಟ್‌ನ ಒಂದೇ ಚಾರ್ಜರು ಕೊಟ್ಟೆ. ಇವಕ್ಕೆ ಗ್ಯಾನ್ ಚಾರ್ಜರ್ ಅನ್ನುತ್ತಾರೆ. ಒಳಗೆ ಸಿಲಿಕಾನ್ ಬದಲು ಗ್ಯಾಲಿಯಂ ನೈಟ್ರೈಡ್ ಇರುತ್ತದೆ. ಕಾವು ಕಡಿಮೆ, ಹಾಗಾಗಿ ಗಾತ್ರವೂ ಸಣ್ಣದು. ಲ್ಯಾಪ್‌ಟಾಪ್, ಫೋನ್ ಎರಡೂ ಒಟ್ಟಿಗೆ ಚಾರ್ಜ್ ಆಗುತ್ತವೆ. ಕೊಳ್ಳುವ ಮುಂಚೆ ಎರಡು ವಿಷಯ ನೋಡಿ. ಅವರ ಲ್ಯಾಪ್‌ಟಾಪ್ ಟೈಪ್-ಸಿ ಯಿಂದ ಚಾರ್ಜ್ ಆಗುತ್ತದೆಯೇ ಅನ್ನುವುದು ಒಂದು. ಚಾರ್ಜರಿನ ಮೇಲೆ ಸಣ್ಣ ಅಕ್ಷರದಲ್ಲಿ 100-240 ವೋಲ್ಟ್ ಅಂತ ಬರೆದಿದೆಯೇ ಅನ್ನುವುದು ಇನ್ನೊಂದು. ಹಾಗೆ ಇದ್ದರೆ ಯಾವ ದೇಶದ ಕರೆಂಟಿಗೂ ನಡೆಯುತ್ತದೆ. ಪ್ಲಗ್ಗಿನ ಆಕಾರ ಬೇರೆ ಇದ್ದರೆ ಅಡಾಪ್ಟರ್ ಬೇಕು, ಅಷ್ಟೆ. ಎಲ್ಲ ದೇಶಕ್ಕೂ ಆಗುವ ಆ ದೊಡ್ಡ ಡಬ್ಬಿಯಂಥ ಅಡಾಪ್ಟರ್ ಮಾತ್ರ ಕೊಡಬೇಡಿ. ವರ್ಷಕ್ಕೊಮ್ಮೆ ಹೊರದೇಶಕ್ಕೆ ಹೋಗುವವನು ಅದನ್ನು ವರ್ಷವಿಡೀ ಹೊರುತ್ತಾನೆ.

ಪವರ್ ಬ್ಯಾಂಕನ್ನೂ ಬದಲಿಸಿದೆ. ಅವನ ಹತ್ತಿರ 20,000 ಎಂಎಎಚ್‌ನದು ಇತ್ತು, ನಾನು 10,000ದ್ದು ಕೊಟ್ಟೆ. ವಿಮಾನದವರು ನೋಡುವುದು ವಾಟ್-ಅವರ್ ಲೆಕ್ಕ, ಮಿತಿ 100. ಎಂಎಎಚ್ ಅನ್ನು 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ಅದು ಸಿಗುತ್ತದೆ. 10,000ದ್ದು 37, 20,000ದ್ದು 74. ಎರಡೂ ನಡೆಯುತ್ತವೆ, ಆದರೆ ಕೈಚೀಲದಲ್ಲಿ ಮಾತ್ರ. ಚೆಕ್-ಇನ್ ಬ್ಯಾಗಿನಲ್ಲಿ ಹಾಕುವಂತಿಲ್ಲ. ದಿನಕ್ಕೊಂದು ಸಲ ಫೋನ್ ಚಾರ್ಜ್ ಮಾಡಲು ಚಿಕ್ಕದೇ ಸಾಕು. ಮೇಲೆ ಅಳತೆ ಬರೆದಿಲ್ಲದ ಅಗ್ಗದ ಮಾಲು ಬೇಡವೇ ಬೇಡ, ಸೆಕ್ಯುರಿಟಿಯಲ್ಲಿ ತಡೆದರೆ ಅವರಿಗೆ ತೋರಿಸಲು ಏನೂ ಇರುವುದಿಲ್ಲ.

ಟವೆಲ್ಲಿಗೆ ಬದಲು ಕೈಮಗ್ಗದ ತೆಳು ಟವೆಲ್ ಎರಡು ಕೊಟ್ಟೆ. ರಾತ್ರಿ ಒಗೆದು ಫ್ಯಾನಿನ ಕೆಳಗೆ ಹಾಕಿದರೆ ಬೆಳಿಗ್ಗೆ ಒಣಗಿರುತ್ತದೆ. ಆ ಹನ್ನೊಂದು ಸೋಪಿನ ಬದಲು ಮೈಸೂರು ಸ್ಯಾಂಡಲ್ ಸೋಪು ಒಂದೇ, ಮುಚ್ಚಳದ ಡಬ್ಬಿಯಲ್ಲಿ. ಗಟ್ಟಿ ಸೋಪಾದ್ದರಿಂದ 100 ಎಂಎಲ್ ಗೊಡವೆ ಇಲ್ಲ. ಬ್ಯಾಗು ತೆಗೆದರೆ ಮನೆಯ ಬಚ್ಚಲಿನ ವಾಸನೆ ಬರುತ್ತದೆ ಅಂತ ಅವನೇ ಹೇಳಿದ.

ನನಗೆ ಬಹಳ ಖುಷಿ ಕೊಟ್ಟದ್ದು ಖಣದ ಚೀಲಗಳು. ಗುಳೇದಗುಡ್ಡದ ಖಣಗಳು ಕೆಲವು ನನ್ನ ಟ್ರಂಕಿನಲ್ಲಿ ಸುಮ್ನೆ ಬಿದ್ದಿದ್ದವು. ಯಾರದೋ ಮದುವೆಯಲ್ಲಿ ಉಡಿ ತುಂಬಿದ್ದು. ಮೂಲೆಯ ಟೇಲರ್ ಅಣ್ಣನಿಗೆ ಕೊಟ್ಟು ಒಳಗೆ ಅಸ್ತರು ಹಾಕಿಸಿ, ಚೈನು ಹಚ್ಚಿಸಿ ನಾಲ್ಕು ಸಣ್ಣ ಚೀಲ ಹೊಲಿಸಿದೆ. ಕೆಂಪು ವೈರಿಗೆ, ಹಸಿರು ಗುಳಿಗೆಗೆ, ನೀಲಿ ಹಲ್ಲುಜ್ಜುವ ಸಾಮಾನಿಗೆ. ನಾಲ್ಕನೆಯದು ಬಿಲ್ಲುಗಳಿಗೆ. ಊಟದ ಬಿಲ್ಲು, ಆಟೋ ಬಿಲ್ಲು ಕಳೆದುಕೊಂಡು ಪ್ರತಿ ತಿಂಗಳೂ ಕೈಯಿಂದ ದುಡ್ಡು ಹಾಕುತ್ತಿದ್ದವನು, ಈಗ ಎಲ್ಲ ಅದರಲ್ಲೇ ತುರುಕುತ್ತಾನೆ. ಒಂದೊಂದು ಚೀಲ ತೂಗಿದರೆ 40 ಗ್ರಾಂ ಇಲ್ಲ. ರಾತ್ರಿ ಬಸ್ಸಿನಲ್ಲಿ ಲೈಟು ಹಾಕದೆ ಕೈಯಿಂದಲೇ ಚೀಲ ಗುರುತಿಸಬೇಕು ಅಂದ. ಅದಕ್ಕೆ ಚೈನಿನ ತುದಿಗೆ ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಹೀಗೆ ದಾರ ಕಟ್ಟಿಕೊಟ್ಟೆ.

ತಿನ್ನುವುದಂತೂ ಕೊಡಲೇಬೇಕು, ದೀಪಾವಳಿ ಅಲ್ವಾ. ಅದು ಹೇಗೂ ದಾರಿಯಲ್ಲೇ ಖರ್ಚಾಗಿ ಬ್ಯಾಗು ಹಗುರಾಗುತ್ತದೆ. ಮುಂಚೆ ಚಕ್ಕುಲಿ, ಉಂಡೆ ಎಲ್ಲ ದೊಡ್ಡ ಡಬ್ಬಿಗೆ ತುಂಬಿ ಕೊಡುತ್ತಿದ್ದೆ. ಚಕ್ಕುಲಿ ಪುಡಿಯಾಗುತ್ತಿತ್ತು, ಡಬ್ಬಿ ಮಾತ್ರ ವಾಪಸ್ ಬರುತ್ತಿರಲಿಲ್ಲ. ಈಗ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಪುಡಿಗಳನ್ನು 50 ಗ್ರಾಂನ ಪೊಟ್ಟಣ ಮಾಡಿ ಕೊಡುತ್ತೇನೆ. ಪ್ಲಾಸ್ಟಿಕ್ ಚೀಲದ ಬಾಯಿಯನ್ನು ಗರಗಸದ ಹಳೇ ಬ್ಲೇಡಿಗೆ ಮಡಚಿ ಹಿಡಿದು ಮೇಣದಬತ್ತಿಯ ಉರಿಗೆ ತಾಗಿಸಿದರೆ ಸೀಲ್ ಆಗುತ್ತದೆ. ಒಂದು ಪೊಟ್ಟಣ ಒಡೆದರೆ ಎರಡು ದಿನಕ್ಕೆ ಮುಗಿಯಬೇಕು, ಅದೇ ಅಳತೆ. ಜೊತೆಗೆ ಖಡಕ್ ರೊಟ್ಟಿ. ಲುಧಿಯಾನಾದಲ್ಲಿ ಮೊಸರು ಎಲ್ಲಿ ಬೇಕಾದರೂ ಸಿಗುತ್ತದೆ. ರೊಟ್ಟಿ ಮುರಿದು, ಮೊಸರು ಹಾಕಿ, ಮೇಲೆ ಶೇಂಗಾ ಚಟ್ನಿ ಉದುರಿಸಿಕೊಂಡು ರೂಮಿನಲ್ಲೇ ಊಟ ಮುಗಿಸುತ್ತಾನೆ. ರೊಟ್ಟಿ ಒಡೆದರೂ ಚಿಂತೆ ಇಲ್ಲ, ಹೇಗೂ ಮುರಿದೇ ತಿನ್ನುವುದು.

ಹೊರದೇಶಕ್ಕಾದರೆ ಒಂದು ಎಚ್ಚರ. ಎರಡನೇ ಸಲ ಅವನು ಜರ್ಮನಿಗೆ ಹೊರಟಾಗ ಅಲ್ಲಿಯವರಿಗೆ ಕೊಡಲಿ ಅಂತ ನಾನು ಒಂದು ಕಿಲೋ ಧಾರವಾಡ ಪೇಡೆ ತಂದಿಟ್ಟಿದ್ದೆ. ಪುಣ್ಯಕ್ಕೆ ಹಿಂದಿನ ದಿನ ಅವನೇ ನೋಡಿದ. ಭಾರತದಂಥ ಹೊರಗಿನ ದೇಶಗಳಿಂದ ಹೋಗುವವರು ಯುರೋಪಿಯನ್ ಒಕ್ಕೂಟದೊಳಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಪೇಡೆ ಪೂರಾ ಹಾಲೇ ಅಲ್ಲವೇ? ಅವತ್ತು ಸಂಜೆ ನಮ್ಮ ಓಣಿಯ ಮಕ್ಕಳಿಗೆಲ್ಲ ಪೇಡೆ ಸಿಕ್ಕಿತು. ಅವನ ಜೊತೆ ಹೋದದ್ದು ಚನ್ನಪಟ್ಟಣದ ಮರದ ಬುಗುರಿ ಆರು. ಹಗುರ, ಒಡೆಯುವುದಿಲ್ಲ, ಅಲ್ಲಿನ ಕಸ್ಟಮ್ಸಿನವರೂ ತಕರಾರು ಮಾಡಲಿಲ್ಲ. ಟ್ರೈನಿಂಗಿಗೆ ಬಂದಿದ್ದ ಹಿರಿಯ ಎಂಜಿನಿಯರುಗಳು ಟೇಬಲ್ಲಿನ ಮೇಲೆ ಬುಗುರಿ ಆಡಿಸುವ ವಿಡಿಯೋ ಕಳಿಸಿದ್ದ.

ಇನ್ನೊಂದು ಸಣ್ಣ ಸಾಮಾನು: ಬ್ಯಾಗನ್ನು ಕೊಕ್ಕೆಗೆ ಸಿಕ್ಕಿಸಿ ಎತ್ತಿದರೆ ತೂಕ ತೋರಿಸುವ ಕೈತಕ್ಕಡಿ. ಕೆಲವೇ ನೂರು ರೂಪಾಯಿ. ಇದನ್ನು ಕೊಟ್ಟಮೇಲೆ ಒಂದು ಸಲವೂ ಹೆಚ್ಚುವರಿ ತೂಕಕ್ಕೆ ದುಡ್ಡು ಕಟ್ಟಿಲ್ಲ ಅಂತಾನೆ. ನಾವು ಅದರಲ್ಲಿ ಗ್ಯಾಸ್ ಸಿಲಿಂಡರೂ ತೂಗಿ ನೋಡಿದ್ದೇವೆ.

ಹೋದ ದೀಪಾವಳಿಗೆ ಅವನ ಬ್ಯಾಗಿಗೆ ಏನೂ ಹಾಕಲಿಲ್ಲ. ಮನೆಯ ಗೋಡೆ ಕಪಾಟಿನಲ್ಲಿ ಒಂದು ಖಾನೆ ಖಾಲಿ ಮಾಡಿದೆ. ಅದರಲ್ಲಿ ಎರಡು ಲುಂಗಿ, ಮೂರು ಬನಿಯನ್, ಎರಡು ಅಂಗಿ, ಬ್ರಷ್ಷು, ಗಡ್ಡ ಮಾಡಿಕೊಳ್ಳುವ ಸೆಟ್ಟು, ಒಂದು ಚಾರ್ಜರು, ಕೆಳಗೆ ಒಂದು ಜೊತೆ ಚಪ್ಪಲಿ ಇಟ್ಟೆ. ಆರತಿ ಆದಮೇಲೆ ಕರೆದುಕೊಂಡು ಹೋಗಿ ತೋರಿಸಿದೆ. ‘ಇನ್ನ ನಮ್ಮ ಮನಿಗೆ ಬರೂವಾಗ ಬರಿಗೈಲೆ ಬಾ’ ಅಂದೆ. ಅವನು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ‘ಹಂಗಾರ ಒಗಿಯೂ ಬಟ್ಟಿನೂ ಇಲ್ಲೇ ಬಿಟ್ಟು ಹೋಗ್ತೀನಿ’ ಅಂದ. ಬಿಟ್ಟೇ ಹೋದ.

ಅದಾದಮೇಲೆ ಅವನು ನಾಲ್ಕು ಸಲ ಬಂದಿದ್ದಾನೆ. ಮುಂಚೆ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು. ಪುಣೆಯಿಂದ ಬೆಂಗಳೂರಿಗೆ ವಾಪಸ್ ಹೋಗುವಾಗ ಒಂದು ರಾತ್ರಿಗೆ ಅಂತ ನಡುವೆ ಇಳಿದುಬಿಡುತ್ತಾನೆ, ಹೆಗಲಿಗೆ ಸ್ಪ್ಯಾನರಿನ ಚೀಲ ಒಂದೇ. ಈ ಸಲದ ಪಟ್ಟಿಯಲ್ಲಿ ಸದ್ಯಕ್ಕೆ ಇರುವುದು ಒಂದೇ ಐಟಂ: ಹೊಸ ಚಪ್ಪಲಿ. ಅವನಿಗೆ ಅಂತ ಇಟ್ಟದ್ದನ್ನು ನಮ್ಮವರು ದಿನಾ ಹಾಲು ತರಲು ಹಾಕಿಕೊಂಡು ಹೋಗಿ ಸವೆಸಿದ್ದಾರೆ.